ಜೀನ್ ಸರಿಯಿದ್ದರೂ ಬೆರಳು ಮೊಟಕಾಗುವುದೇಕೆ?

ಮಾನ್ಯ ಸಂಪಾದಕರೇ,

ಆನುವಂಶಿಕ ಕಾಯಿಲೆಯೆಂದರೆ ಜೀನ್‌ನಲ್ಲೇ ದೋಷವಿರಬೇಕು ಎಂಬ ನಂಬಿಕೆ ಅರ್ಧ ಸತ್ಯ. ಸುಮಾರು 2 ಮೀಟರ್ ಡಿಎನ್‌ಎ ಕೋಶಕೇಂದ್ರದೊಳಗೆ ಕುಣಿಕೆ ಕುಣಿಕೆಯಾಗಿ ಮಡಚಿರುತ್ತದೆ. ಕೊಹೆಸಿನ್ ಎಂಬ ಉಂಗುರಾಕಾರದ ಪ್ರೋಟೀನ್ ಗುಂಪು ಈ ಎಳೆಯನ್ನು ಜಗ್ಗುತ್ತಾ ಹೋಗಿ, ಸಿಟಿಸಿಎಫ್ ಪ್ರೋಟೀನ್ ಕೂತ ಗಡಿಯಲ್ಲಿ ನಿಲ್ಲುತ್ತದೆ. ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕುಗಳಾದ ಎನ್‌ಹ್ಯಾನ್ಸರ್‌ಗಳ ಪ್ರಭಾವ ಸಾಮಾನ್ಯವಾಗಿ ಆ ಗಡಿ ದಾಟದು.

ಗಡಿಯೇ ಕಿತ್ತುಹೋದರೆ? 2015ರಲ್ಲಿ ಬರ್ಲಿನ್ ಸಂಶೋಧಕರು ತೋರಿಸಿದಂತೆ, ಇಪಿಎಚ್‌ಎ4 ಜೀನ್ ಬಳಿಯ ಗಡಿ ಅಳಿದಾಗ ಅದರ ಎನ್‌ಹ್ಯಾನ್ಸರ್‌ಗಳು ನೆರೆಯ ಪ್ಯಾಕ್ಸ್3 ಜೀನನ್ನು ಭ್ರೂಣದ ಕೈಕಾಲಿನ ಮೊಗ್ಗಿನಲ್ಲಿ ಎಬ್ಬಿಸುತ್ತವೆ, ಬೆರಳು ಗಿಡ್ಡವಾಗುತ್ತವೆ. ಪ್ಯಾಕ್ಸ್3ರಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ! ಗಡಿಯನ್ನು ಉಳಿಸಿ, ಆ ತುಣುಕಿನ ಮಿಕ್ಕ ಭಾಗವನ್ನಷ್ಟೇ ಅಳಿಸಿದ ಇಲಿಗಳ ಬೆರಳು ಸರಿಯಾಗಿಯೇ ಇದ್ದವು.

ಎಕ್ಸೋಮ್ ಪರೀಕ್ಷೆ ಓದುವುದು ಪ್ರೋಟೀನ್ ತಯಾರಿಕೆಯ ಸಂಕೇತವಿರುವ ಭಾಗವನ್ನು, ಅಂದರೆ ಡಿಎನ್‌ಎಯ ಸುಮಾರು ಶೇ 2ರಷ್ಟನ್ನು ಮಾತ್ರ; ಇಂಥ ದೋಷ ತಪ್ಪಿಹೋಗಬಹುದು. ಡಿಎನ್‌ಎ ತುಣುಕುಗಳ ಹೆಚ್ಚುಕಡಿಮೆ ಅಳೆಯುವ ಮೈಕ್ರೋಅರೇ ಪರೀಕ್ಷೆ ಅಳಿದ ತುಣುಕನ್ನು ಹಿಡಿದೀತು, ತಿರುಗುಮುರುಗಾದ ತುಣುಕನ್ನಲ್ಲ. ಅದಕ್ಕೆ ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಓದಿಸಬೇಕು. ‘ನಾರ್ಮಲ್’ ವರದಿ ಹಿಡಿದ ಪೋಷಕರಿಗೆ ವೈದ್ಯರು ಇದನ್ನು ತಿಳಿಸಿ ಹೇಳಲಿ.

– ತಳಿವಿಜ್ಞಾನ ಅಧ್ಯಾಪಕರು, ಧಾರವಾಡ