ಒಟ್ಟಿಗೆ ನಡೆಯುವ ಎರಡು ಕ್ರಿಯೆಗಳು: ಯಾವುದು ಮೊದಲು, ಯಾವುದು ಕೊನೆಗೆ

ಪ್ರೀತಿಯ ಯುವಮಿತ್ರರೆ,

ನಿಮ್ಮ ಇಂಗ್ಲಿಷ್ ಕತೆಯ ಕರಡಿನಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುವ ವಾಕ್ಯಗಳೆಲ್ಲ ‘ವೈಲ್’ ಅಥವಾ ‘ವೆನ್’ನಿಂದಲೇ ಶುರುವಾಗುತ್ತವೆ. ವ್ಯಾಕರಣ ಸರಿಯಿದೆ, ಆದರೆ ಅಭ್ಯಾಸ ಕನ್ನಡದ್ದು. ‘ಅವಳು ಕಾಗದ ಓದುತ್ತಿದ್ದಾಗ ದೀಪ ಆರಿತು’ ಎನ್ನುವಲ್ಲಿ ಅಧೀನ ವಾಕ್ಯ, ಅಂದರೆ ತಾನಾಗಿ ನಿಲ್ಲಲಾರದ ‘ಓದುತ್ತಿದ್ದಾಗ’ ಎಂಬ ಭಾಗ, ಮೊದಲು ಬಂದು, ‘ಆರಿತು’ ಎಂಬ ಪೂರ್ಣ ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಬರಹದ ಕನ್ನಡದಲ್ಲಿ ಸಾಮಾನ್ಯವಾಗಿ ಇದೇ ದಾರಿ. ಇಂಗ್ಲಿಷಿನಲ್ಲಿ ಅಧೀನ ವಾಕ್ಯವನ್ನು ಎರಡೂ ಕಡೆ ಇಡಬಹುದು. ಆ ಸ್ವಾತಂತ್ರ್ಯವನ್ನು ನೀವು ಬಳಸುತ್ತಲೇ ಇಲ್ಲ.

ಇದೇ ಘಟನೆಯನ್ನು ತೆಗೆದುಕೊಳ್ಳಿ. ‘ವೈಲ್ ಷಿ ವಾಸ್ ರೀಡಿಂಗ್ ದ ಲೆಟರ್, ದ ಲೈಟ್ಸ್ ವೆಂಟ್ ಔಟ್.’ ಓದು ಹಿನ್ನೆಲೆ, ದೀಪ ಆರಿದ್ದು ಸುದ್ದಿ. ಈಗ ತಿರುಗಿಸಿ: ‘ದ ಲೈಟ್ಸ್ ವೆಂಟ್ ಔಟ್ ವೈಲ್ ಷಿ ವಾಸ್ ರೀಡಿಂಗ್ ದ ಲೆಟರ್.’ ಓದುಗರ ಗಮನ ಕಾಗದದ ಮೇಲೆ ನಿಂತಿತು; ಅದರಲ್ಲೇನಿತ್ತು ಎಂದು ಕಾಯುತ್ತಾರೆ. ಮುಂದಿನ ವಾಕ್ಯದಲ್ಲಿ ನೀವು ಮೇಣದಬತ್ತಿ ಹುಡುಕಲು ಹೊರಟರೆ ಕೊಂಡಿ ಕಳಚುತ್ತದೆ. ಗೊತ್ತಿರುವುದು ಮೊದಲು, ಹೊಸದು ಕೊನೆಗೆ ಎಂಬುದು ಇಂಗ್ಲಿಷಿನ ರೂಢಿ. ಸಹಜವಾಗಿ ಓದುವಾಗ ದನಿಯ ಒತ್ತು ಬೀಳುವುದೂ ಸಾಮಾನ್ಯವಾಗಿ ಕೊನೆಯ ಮುಖ್ಯ ಪದದ ಮೇಲೆಯೇ. ಹಾಗಾಗಿ ಯಾವುದರಿಂದ ಶುರುಮಾಡಬೇಕೆಂದು ಹಿಂದಿನ ವಾಕ್ಯವನ್ನು ಕೇಳಿ, ಯಾವುದರಲ್ಲಿ ಮುಗಿಸಬೇಕೆಂದು ಮುಂದಿನದನ್ನು ಕೇಳಿ.

ಪ್ರಧಾನ ವಾಕ್ಯದಲ್ಲಿ, ಅಂದರೆ ತಾನಾಗಿಯೇ ನಿಲ್ಲಬಲ್ಲ ಭಾಗದಲ್ಲಿ, ಇರುವುದೇ ಯಾವಾಗಲೂ ಮುಖ್ಯ ಎಂದು ಮಾತ್ರ ನಂಬಬೇಡಿ. ‘ಷಿ ವಾಸ್ ರೀಡಿಂಗ್ ದ ಲೆಟರ್ ವೆನ್ ದ ಲೈಟ್ಸ್ ವೆಂಟ್ ಔಟ್’ ಎಂಬಲ್ಲಿ ದೀಪ ಆರಿದ್ದು ವ್ಯಾಕರಣಕ್ಕೆ ಅಧೀನ, ಆದರೂ ಸುದ್ದಿ ಅದೇ. ನಡೆಯುತ್ತಿದ್ದ ಕೆಲಸವನ್ನು ಹಠಾತ್ತನೆ ತುಂಡರಿಸುವ ಘಟನೆಗೆ ಇದಕ್ಕಿಂತ ಒಳ್ಳೆಯ ಕಟ್ಟು ನನಗೆ ಗೊತ್ತಿಲ್ಲ. ಅದೇ ‘ವೆನ್’ ಭಾಗವನ್ನು ಮುಂದಕ್ಕೆ ತನ್ನಿ: ‘ವೆನ್ ದ ಲೈಟ್ಸ್ ವೆಂಟ್ ಔಟ್, ಷಿ ವಾಸ್ ರೀಡಿಂಗ್ ದ ಲೆಟರ್.’ ಆಘಾತ ಹೋಯಿತು. ಆ ಹೊತ್ತಿಗೆ ಅವಳೇನು ಮಾಡುತ್ತಿದ್ದಳು ಎಂದು ಯಾರೋ ವಿಚಾರಿಸಿದ್ದಕ್ಕೆ ಕೊಟ್ಟ ಉತ್ತರದಂತಾಯಿತು. ಪತ್ತೇದಾರಿ ಕತೆಗೆ ಅದೂ ಬೇಕಾದೀತು.

ಕರ್ತೃ ಒಬ್ಬರೇ ಆಗಿದ್ದರೆ ‘ಇಂಗ್’ ರೂಪ ಸಾಕು. ‘ಷಿ ರೆಡ್ ದ ಲೆಟರ್, ಹಮ್ಮಿಂಗ್’ ಎಂದರೆ ಓದು ಮುಖ್ಯ, ಗುನುಗು ಜೊತೆಗಿರುವ ಕ್ರಿಯೆ. ಆದರೆ ಕೊನೆಗೆ ಬಂದದ್ದರಿಂದ ಆ ಗುನುಗೇ ಕಿವಿಯಲ್ಲಿ ಉಳಿಯುತ್ತದೆ. ಕರ್ತೃ ಬೇರೆಯಾದಾಗ ಎಡವುವವರು ಬಹಳ. ‘ರೀಡಿಂಗ್ ದ ಲೆಟರ್, ದ ಲೈಟ್ಸ್ ವೆಂಟ್ ಔಟ್’ ಎಂದು ಬರೆದರೆ ದೀಪವೇ ಕಾಗದ ಓದಿದ ಹಾಗೆ. ‘ಕಾಗದ ಓದುತ್ತಾ ದೀಪ ಆರಿತು’ ಎಂದು ಕನ್ನಡದಲ್ಲೂ ಬರೆಯುವುದಿಲ್ಲವಲ್ಲ, ಆ ಕಿವಿಯನ್ನೇ ಇಲ್ಲಿ ನಂಬಿ. ಅಂಥ ಕಡೆ ‘ವೈಲ್’ ಹಾಕಿ, ಕರ್ತೃವನ್ನು ಹೆಸರಿಸಿ.

ಅಧೀನ ವಾಕ್ಯ ಮೊದಲು ಬಂದರೆ ಅದರ ನಂತರ ಅಲ್ಪವಿರಾಮ ಬೇಕು. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. ಕೊನೆಯ ‘ವೈಲ್’ಗೆ ಮುಂಚೆ ಅಲ್ಪವಿರಾಮ ಹಾಕಿದರೆ ಅದು ಕಾಲವನ್ನು ಬಿಟ್ಟು ‘ಇವನು ಹೀಗೆ, ಅವನಾದರೋ ಹಾಗೆ’ ಎಂಬ ಹೋಲಿಕೆಯ ಕಡೆ ವಾಲುತ್ತದೆ. ‘ಆ್ಯಸ್’ ಇನ್ನೂ ಜಾರು: ‘ಆ್ಯಸ್ ಷಿ ವಾಸ್ ರೀಡಿಂಗ್, ಹಿ ಲೆಫ್ಟ್’ ಎಂದರೆ ಅವಳು ಓದುತ್ತಿದ್ದಾಗ ಹೋದನೋ, ಓದುತ್ತಿದ್ದಾಳಲ್ಲ ಎಂದು ಹೋದನೋ? ಅನುಮಾನ ಬಂದಲ್ಲಿ ‘ವೈಲ್’ ಬಳಸಿ.

ಕರಡಿನಲ್ಲಿ ಇಂಥ ವಾಕ್ಯಗಳಿಗೆಲ್ಲ ಗುರುತು ಹಾಕಿ, ಪ್ರತಿಯೊಂದನ್ನೂ ಎರಡೂ ಕ್ರಮದಲ್ಲಿ ಬರೆಯಿರಿ. ಹಿಂದಿನ ಒಂದು, ಮುಂದಿನ ಒಂದು ವಾಕ್ಯ ಸೇರಿಸಿ ಗಟ್ಟಿಯಾಗಿ ಓದಿ. ಒಂಟಿಯಾಗಿ ಓದಿದರೆ ಎರಡೂ ಸರಿಯೆಂದೇ ಅನಿಸುತ್ತವೆ. ತಿದ್ದಿದ ಕರಡನ್ನು ಕಳಿಸಿ, ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ