ಮಗಳಿಗೊಂದು ಪತ್ರ: “ಡ್ರಾಯಿಂಗ್ ಎಷ್ಟಕ್ಕೆ ಹೋಯ್ತು ಸಾರ್?”

ಪುಟ್ಟಿ,

ಆವತ್ತು ಫೋನಿನಲ್ಲಿ ನೀನಂದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಟಿವಿಯಲ್ಲಿ ಯಾರಿಗೋ ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿ ಜೀಪಿನಿಂದ ಇಳಿಸುತ್ತಿದ್ದರು, ಬೇಹುಗಾರಿಕೆ ಕೇಸಂತೆ. ನೀನು ಹಾಸ್ಟೆಲ್‌ನಲ್ಲಿ ಅದನ್ನೇ ನೋಡುತ್ತಿದ್ದೆ, ನಾನೂ ಇಲ್ಲಿ ಅದನ್ನೇ ನೋಡುತ್ತಿದ್ದೆ. “ಇಂಥ ದೇಶದ್ರೋಹಿಗಳಿಗೆ ಕೋರ್ಟು ಗೀರ್ಟು ಯಾಕಪ್ಪಾ, ನಡುರಸ್ತೆಯಲ್ಲಿ ನೇಣಿಗೆ ಹಾಕಬೇಕು” ಅಂದೆ ನೀನು. ನಾನು ಹೂಂ ಅಂದೆ. ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ.

ಹೂಂ ಅಂದಿದ್ದು ತಪ್ಪಾಯ್ತು ಅನ್ನಿಸಿ ರಾತ್ರಿ ಮೆಸೇಜ್ ಹಾಕಿದೆ, ಇಷ್ಟು ಬೇಗ ತೀರ್ಮಾನ ಬೇಡ ಕಣಮ್ಮ ಅಂತ. ನೀನು ಬಿಡ್ತೀಯಾ? “ಹಾಗಾದ್ರೆ ಸಂಗೊಳ್ಳಿ ರಾಯಣ್ಣನ್ನ ಹಿಡಿದುಕೊಟ್ಟವರನ್ನೂ ಸುಮ್ನೆ ಬಿಡಬೇಕಿತ್ತಾ ಅಪ್ಪಾ?” ಅಂತ ಬರೆದೆ. ನಿಮ್ಮಮ್ಮ ಅದನ್ನು ಓದಿ ನಕ್ಕಳು, “ಈಗ ಉತ್ತರ ಕೊಡಿ” ಅಂದಳು. ಇಷ್ಟೆಲ್ಲ ಫೋನಿನಲ್ಲಿ ಟೈಪ್ ಮಾಡೋಕೆ ನನ್ನ ಹೆಬ್ಬೆರಳಿಗೆ ಆಗಲ್ಲ. ಅದಕ್ಕೇ ಈ ಕಾಗದ.

ಬಿಡಬಾರದಿತ್ತು. ಅದನ್ನು ಮೊದಲೇ ಹೇಳಿಬಿಡ್ತೀನಿ. (ಅಂದಹಾಗೆ, 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದಾಗ ಕಂಪನಿ ಸರ್ಕಾರದ ಲೆಕ್ಕದಲ್ಲಿ ದ್ರೋಹಿ ಆಗಿದ್ದವನು ಅವನೇ. ಅದು ಇನ್ನೊಂದು ಕಥೆ.) ದೇಶದ್ರೋಹ ಅನ್ನೋದೇ ಇಲ್ಲ, ಎಲ್ಲಾ ಕಟ್ಟುಕಥೆ ಅಂತ ನಾನು ಹೇಳ್ತಿಲ್ಲ. 1985ರ ಜನವರಿಯಲ್ಲಿ ದೆಹಲಿಯಲ್ಲಿ ಕೂಮಾರ್ ನಾರಾಯಣ್ ಅನ್ನೋನು ಸಿಕ್ಕಿಬಿದ್ದ. ಖಾಸಗಿ ಕಂಪನಿಯೊಂದರ ಮನುಷ್ಯ. ಪ್ರಧಾನಿ ಕಚೇರಿ, ರಕ್ಷಣಾ ಇಲಾಖೆ ಇಂಥ ಕಡೆಯ ಪಿಎಗಳು, ಗುಮಾಸ್ತರು ಫೈಲು ತಂದುಕೊಡೋದು, ಇವನು ಜೆರಾಕ್ಸ್ ಮಾಡಿಸಿ ಹೊರದೇಶದವರಿಗೆ ದಾಟಿಸೋದು. ತಮ್ಮ ಕಚೇರಿಯವರೇ ಅದರಲ್ಲಿದ್ದರು ಅಂತ ಪ್ರಧಾನಿಯವರ ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಟ್ಟರು. ಕೇಸು ನಡೆದೂ ನಡೆದೂ 2002ರಲ್ಲಿ 13 ಜನರಿಗೆ ಶಿಕ್ಷೆಯಾಯಿತು. ಅಷ್ಟು ಹೊತ್ತಿಗೆ ಕೂಮಾರ್ ನಾರಾಯಣ್ ಸತ್ತು ಎರಡು ವರ್ಷವಾಗಿತ್ತು. ಇವತ್ತು ಅವನ ಹೆಸರು ಹೇಳಿದರೆ ನಮ್ಮ ಬೀದಿಯಲ್ಲಿ ಒಬ್ಬರಿಗಾದರೂ ಗೊತ್ತಾ, ಕೇಳಿ ನೋಡು. ದೇಶ ನಿಜವಾಗಿ ಮಾರಿಹೋಗಿದ್ದು ಒಂದು ಜೆರಾಕ್ಸ್ ಮಿಷನ್ನಿನ ಮುಂದೆ. ಅದರ ಮೇಲೆ ಯಾರಿಗೂ ಅಂಥಾ ಸಿಟ್ಟು ಬರಲ್ಲ ನೋಡು.

ನಮಗೆ ಸಿಟ್ಟು ಬಂದಿದ್ದು 1994ರಲ್ಲಿ.

ಆಗ ನನಗೆ 23. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ದಾಸರಹಳ್ಳಿಯಲ್ಲಿ ನಾಲ್ಕು ಜನ ಸೇರಿ ಒಂದು ರೂಮು. ಬೆಳಿಗ್ಗೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿಗೇ ಇಸ್ರೋದಲ್ಲಿ ಕೆಲಸ ಮಾಡುವ ಒಬ್ಬರು ಬರುತ್ತಿದ್ದರು. ಹೆಸರು ಬೇಡ, ನಾವೆಲ್ಲ ಅವರನ್ನು ಇಸ್ರೋ ಸಾರ್ ಅಂತಲೇ ಕರೀತಿದ್ದಿದ್ದು. ನಮಗೆಲ್ಲ ಇಸ್ರೋ ಅಂದರೆ ಸ್ವಂತ ಮನೆ ಇದ್ದ ಹಾಗೆ. ಯಾಕಂದ್ರೆ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದೇ ನಮ್ಮ ಪೀಣ್ಯದ ಶೆಡ್ಡುಗಳಲ್ಲಿ, ನಾವು ಕೆಲಸ ಮಾಡುತ್ತಿದ್ದಂಥದ್ದೇ ಶೆಡ್ಡುಗಳು. 1975ರಲ್ಲಿ ಅದು ಮೇಲೆ ಹೋಯ್ತು. ವರ್ಕ್‌ಶಾಪಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಈ ಕಥೆ ಹೇಳೋರು.

94ರ ಅಕ್ಟೋಬರ್ 15ಕ್ಕೆ ಇಸ್ರೋದ ಪಿಎಸ್ಎಲ್‌ವಿ ರಾಕೆಟ್ ಮೊದಲ ಸಲ ಸರಿಯಾಗಿ ಹಾರಿತು. ಅದಕ್ಕೆ ಹಿಂದಿನ ವರ್ಷ ಸಮುದ್ರಕ್ಕೆ ಬಿದ್ದಿತ್ತು. ಮಾರನೇ ದಿನ ಇಸ್ರೋ ಸಾರ್ ಹೋಟೆಲಿನಲ್ಲಿದ್ದವರಿಗೆಲ್ಲ ಕೇಸರಿಬಾತ್ ಕೊಡಿಸಿದರು. ಎಂಜಿನ್ನಿನ ಬಗ್ಗೆ ಏನೇನೋ ಹೇಳಿದರು, ಟೇಬಲ್ ಮೇಲೆ ನೀರಿನಲ್ಲಿ ಬೆರಳಾಡಿಸಿ ಚಿತ್ರ ಬರೆದು ತೋರಿಸಿದರು. ನನಗೆ ಅರ್ಧ ಅರ್ಥವಾಯಿತು, ಆದರೆ ಕೇಸರಿಬಾತ್ ಎರಡು ಸಲ ತಿಂದೆ.

ಅದಾಗಿ ಐದೇ ದಿನಕ್ಕೆ ತಿರುವನಂತಪುರದಲ್ಲಿ ಮಾಲ್ಡೀವ್ಸ್‌ನ ಒಬ್ಬ ಹೆಂಗಸನ್ನು ಹಿಡಿದರು. ವೀಸಾ ಮುಗಿದಿತ್ತು ಅನ್ನೋದು ಕೇಸು. ಆಮೇಲೆ ಅದು ಬೆಳೀತಾ ಬೆಳೀತಾ ಇನ್ನೊಬ್ಬ ಹೆಂಗಸು, ಇಸ್ರೋದ ಇಬ್ಬರು ವಿಜ್ಞಾನಿಗಳು, ನಮ್ಮ ಬೆಂಗಳೂರಿನವರೇ ಇಬ್ಬರು, ಒಟ್ಟು ಆರು ಜನರ ಮೇಲೆ ಬಂತು. ನವೆಂಬರ್ 30ಕ್ಕೆ ಆ ವಿಜ್ಞಾನಿಗಳಲ್ಲಿ ಒಬ್ಬರಾದ ನಂಬಿ ನಾರಾಯಣನ್ ಅವರನ್ನು ಹಿಡಿದರು. ಕ್ರಯೋಜೆನಿಕ್ ಎಂಜಿನ್ನಿನ, ಅಂದರೆ ವಿಪರೀತ ತಣ್ಣಗಿನ ದ್ರವ ಇಂಧನದಿಂದ ಓಡೋ ರಾಕೆಟ್ ಎಂಜಿನ್ನಿನ, ಯೋಜನೆ ಅವರ ಕೈಯಲ್ಲೇ ಇದ್ದದ್ದು. ಆ ಎಂಜಿನ್ನಿನ ಡ್ರಾಯಿಂಗುಗಳನ್ನು ಪಾಕಿಸ್ತಾನಕ್ಕೆ ಮಾರಿದ್ದಾರೆ ಅನ್ನೋದು ಆರೋಪ. ಹೆಂಗಸರು, ದುಡ್ಡು, ರಾಕೆಟ್ಟು, ಪಾಕಿಸ್ತಾನ. ಇನ್ನೇನು ಬೇಕು? ಪೇಪರುಗಳಲ್ಲಿ ದಿನಾ ಬಂತು. ಹೋಟೆಲಿನಲ್ಲಿ ಒಂದೇ ಪೇಪರನ್ನು ಆರು ಭಾಗ ಮಾಡಿ ಓದುತ್ತಿದ್ದೆವು. ಗಲ್ಲಾದಲ್ಲಿ ಕೂತಿದ್ದವರು ಮೀರ್ ಸಾದಿಕ್ ಮಕ್ಕಳು ಅಂತ ಬೈದರು. ನೋಡು, ಶ್ರೀರಂಗಪಟ್ಟಣ ಬಿದ್ದಿದ್ದು 1799ರಲ್ಲಿ, ಆದರೂ ಬೈಯೋಕೆ ಆ ಹೆಸರು ಇನ್ನೂ ಕೈಗೆ ಸಿಗೋ ಹಾಗೇ ಇತ್ತು.

ಒಂದು ದಿನ ಇಸ್ರೋ ಸಾರ್ ಎಂದಿನ ಹಾಗೆ ಬಂದು ಕಾಫಿ ತಗೊಂಡು ನಿಂತರು. ಅವರಿಗೂ ಆ ಕೇಸಿಗೂ ಏನೇನೂ ಸಂಬಂಧ ಇರಲಿಲ್ಲ, ಅವರು ತಿರುವನಂತಪುರದ ಕಡೆ ಕೆಲಸ ಮಾಡಿದವರೇ ಅಲ್ಲ. ನಾನು, ನಿಮ್ಮಪ್ಪ, ಎಲ್ಲರಿಗೂ ಕೇಳೋ ಹಾಗೆ, “ಡ್ರಾಯಿಂಗ್ ಎಷ್ಟಕ್ಕೆ ಹೋಯ್ತು ಸಾರ್?” ಅಂದೆ.

ಎಲ್ಲರೂ ನಕ್ಕರು. ಚೆನ್ನಾಗಿ ನಕ್ಕರು. ಅವರು ಏನೂ ಹೇಳಲಿಲ್ಲ. ಅರ್ಧ ಕಾಫಿ ಲೋಟದಲ್ಲೇ ಬಿಟ್ಟು ದುಡ್ಡು ಕೊಟ್ಟು ಹೋದರು. ಮತ್ತೆ ಆ ಹೋಟೆಲಿಗೆ ಬರಲಿಲ್ಲ.

ನನಗೆ ನನ್ನ ಮೇಲೆ ಸಿಟ್ಟು ಬರೋದು ಯಾಕೆ ಗೊತ್ತಾ? ಆ ಹೋಟೆಲಿನಲ್ಲಿ ಇದ್ದವರಲ್ಲಿ ಆ ಆರೋಪ ಎಷ್ಟು ಪೊಳ್ಳು ಅಂತ ಗೊತ್ತಾಗಬೇಕಿದ್ದಿದ್ದು ನನಗೇ. ನನ್ನ ಕೈಗೆ ದಿನಾ ಡ್ರಾಯಿಂಗ್ ಬರುತ್ತಿತ್ತು. ಒಂದು ಸಾಮಾನ್ಯ ಬುಷ್ ಮಾಡೋಕೂ ಡ್ರಾಯಿಂಗ್ ಒಂದೇ ಸಾಲದು. ಯಾವ ಮೆಟೀರಿಯಲ್, ಯಾವ ಟೂಲ್, ಎಷ್ಟು ಸ್ಪೀಡು, ಹೀಟ್ ಟ್ರೀಟ್‌ಮೆಂಟ್ ಆದಮೇಲೆ ಅಳತೆ ಎಷ್ಟು ಬದಲಾಗುತ್ತೆ, ಇದೆಲ್ಲ ಗೊತ್ತಿರೋನು ಪಕ್ಕದಲ್ಲಿ ನಿಂತು ಹೇಳಿಕೊಡದೆ ಇದ್ದರೆ ಮೊದಲ ಹತ್ತು ಜಾಬ್ ರಿಜೆಕ್ಟೇ. ಅಂಥಾದ್ದರಲ್ಲಿ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಹರಿಯೋ ಎಂಜಿನ್ನು! ಅದೂ ಹೋಗಲಿ, ಆಗ ನಮ್ಮ ಹತ್ತಿರ ಆ ಎಂಜಿನ್ನೇ ಇರಲಿಲ್ಲ. ರಷ್ಯಾದವರು ತಂತ್ರಜ್ಞಾನ ಕೊಡ್ತೀವಿ ಅಂತ ಒಪ್ಪಿಕೊಂಡು, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಹಿಂದೆ ಸರಿದು, ಬರೀ ಎಂಜಿನ್ ಕೊಡ್ತೀವಿ ಅಂದಿದ್ದರು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹಾಕಿದ ರಾಕೆಟ್ ಸರಿಯಾಗಿ ಹಾರಿದ್ದು 2014ರ ಜನವರಿ 5ಕ್ಕೆ. ಅಂದರೆ 20 ವರ್ಷ ಆದಮೇಲೆ ಹುಟ್ಟಿದ ಕೂಸನ್ನು 94ರಲ್ಲೇ ಮಾರಿದರು ಅಂತ ನಾವು ನಂಬಿದ್ದೆವು. ಲೇತ್ ಮುಂದೆ ನಿಂತರೆ ಒಂದೊಂದು ಮೈಕ್ರಾನ್ ಲೆಕ್ಕ ಹಾಕುತ್ತಿದ್ದ ನಾನು ಹೋಟೆಲಿಗೆ ಬಂದರೆ ಬುದ್ಧಿಯನ್ನು ಎಲ್ಲಿಟ್ಟು ಬರುತ್ತಿದ್ದೆನೋ.

1996ರಲ್ಲಿ ಸಿಬಿಐಯವರು ಇದರಲ್ಲಿ ಹುರುಳಿಲ್ಲ ಅಂತ ವರದಿ ಕೊಟ್ಟರು. ಕೋರ್ಟು ಒಪ್ಪಿತು, ಆರೂ ಜನರನ್ನು ಬಿಟ್ಟಿತು. ಕೇರಳ ಸರ್ಕಾರ ಮತ್ತೆ ತನಿಖೆ ಮಾಡಿಸೋಕೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತಡೆಯಿತು. ಈ ಸುದ್ದಿಗಳು ಪೇಪರಿನಲ್ಲಿ ಬಂದೇ ಇರಬೇಕು. ನಾನು ಓದಿದ ನೆನಪಿಲ್ಲ. ಹೋಟೆಲಿನಲ್ಲಿ ಯಾರೂ ಅದನ್ನು ಮಾತಾಡಲಿಲ್ಲ. ನೀನು ಆವತ್ತು ನೋಡಿದ ಟಿವಿ ಕೇಸು ಏನಾಯ್ತು ಹೇಳು? ಹತ್ತು ದಿನ ಆಯ್ತು, ನಾನು ದಿನಾ ನೋಡ್ತಿದೀನಿ, ಆ ಚಾನೆಲ್‌ನವರು ಆ ಮನುಷ್ಯನ ಹೆಸರನ್ನೇ ಮರೆತ ಹಾಗಿದೆ.

ಕೋವಿಡ್ ಟೈಮಲ್ಲಿ ಮನೇಲಿ ಕೂತು ನಾನು ಫ್ರಾನ್ಸಿನ ಡ್ರೈಫಸ್ ಕೇಸಿನ ಬಗ್ಗೆ ಓದಿದೆ. 1894ರದ್ದು, ನಮ್ಮದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ. ಅಲ್ಲೂ ಗುಟ್ಟು ಮಾರಿದ ಆರೋಪ, ಜರ್ಮನಿಗೆ. ಡ್ರೈಫಸ್ ಸೈನ್ಯದಲ್ಲಿ ಕ್ಯಾಪ್ಟನ್, ಯಹೂದಿ. ಯಹೂದಿ ಅನ್ನೋದೇ ಅರ್ಧ ಸಾಕ್ಷಿ ಆಗಿಹೋಯ್ತು. ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳದಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಅವನ ಸಮವಸ್ತ್ರದ ಪಟ್ಟಿ, ಗುಂಡಿ ಎಲ್ಲಾ ಕಿತ್ತುಹಾಕಿ, ಕತ್ತಿಯನ್ನು ಮೊಣಕಾಲಿನ ಮೇಲಿಟ್ಟು ಮುರಿದರು. ನಾನು ನಿರಪರಾಧಿ ಅಂತ ಅವನು ಕೂಗುತ್ತಲೇ ಇದ್ದ. ಬೇಲಿಯ ಆಚೆ ಜನ ಸಾಯಿಸಿ ಅಂತ ಕೂಗುತ್ತಿದ್ದರು. ನನ್ನ ತಲೆಯಲ್ಲಿ ಉಳಿದಿರೋದು ಬೇರೆಯೇ ಒಂದು ವಿಷಯ. ಆ ಗುಂಡಿಗಳ ಹೊಲಿಗೆಯನ್ನು ಮೊದಲೇ ಸಡಿಲ ಮಾಡಿಟ್ಟಿದ್ದರಂತೆ, ಕತ್ತಿಯನ್ನೂ ಮೊದಲೇ ಅರದಿಂದ ಉಜ್ಜಿ ಇಟ್ಟಿದ್ದರಂತೆ, ಜನರ ಮುಂದೆ ಚಟ್ ಅಂತ ಒಂದೇ ಏಟಿಗೆ ಮುರೀಲಿ ಅಂತ. ಅಲ್ಲಿ ನನ್ನಂಥ ಯಾರೋ ಒಬ್ಬ ಕೆಲಸಗಾರ ಹಿಂದಿನ ದಿನ ಕೂತು ಅರ ಉಜ್ಜಿರಬೇಕು. ಅವನಿಗೆ ಏನನ್ನಿಸಿತೋ, ಅಥವಾ ಏನೂ ಅನ್ನಿಸಲೇ ಇಲ್ಲವೋ.

(ನಮ್ಮ ಕ್ರಯೋಜೆನಿಕ್ ರಾಕೆಟ್ ಹಾರಿದ ದಿನದ ಹಾಗೇ ಕತ್ತಿ ಮುರಿದ ದಿನವೂ ಜನವರಿ 5, ಆದರೆ 1895ರದ್ದು. ಸುಮ್ನೆ ಕಾಕತಾಳೀಯ. ನನಗೆ ಇಂಥವು ಕಣ್ಣಿಗೆ ಬೀಳುತ್ತವೆ, ನಿಮ್ಮಮ್ಮನಿಗೆ ಹೇಳಿದರೆ ಬೈತಾಳೆ.)

ಆಮೇಲೆ ಡ್ರೈಫಸ್‌ನನ್ನು ಸಮುದ್ರದಾಚೆ ಡೆವಿಲ್ಸ್ ದ್ವೀಪಕ್ಕೆ ಕಳಿಸಿದರು. ಎಸ್ಟರ್‌ಹಾಜಿ ಅನ್ನೋ ಇನ್ನೊಬ್ಬ ಅಧಿಕಾರಿಯದೇ ಈ ಕೆಲಸ ಅಂತ 1896ರಲ್ಲೇ ಸೈನ್ಯದೊಳಗೇ ಒಬ್ಬರಿಗೆ ಗೊತ್ತಾಯಿತು. ಆದರೂ ಎಸ್ಟರ್‌ಹಾಜಿಯನ್ನು ಸೈನಿಕ ಕೋರ್ಟು 1898ರಲ್ಲಿ ಖುಲಾಸೆ ಮಾಡಿತು! ನಿಜವಾದ ದ್ರೋಹಿಯನ್ನು ಬಿಟ್ಟರೂ ಪರವಾಗಿಲ್ಲ, ಒಂದು ಸಲ ತಪ್ಪಾಯ್ತು ಅಂತ ಒಪ್ಪಿಕೊಳ್ಳಬಾರದು. ಇದನ್ನು ಮಾಡಿದವರೆಲ್ಲ ತಮ್ಮನ್ನು ದೇಶಭಕ್ತರು ಅಂತಲೇ ಅಂದುಕೊಂಡಿದ್ದರು ಪುಟ್ಟಿ. ಡ್ರೈಫಸ್ ತಪ್ಪಿತಸ್ಥ ಅಲ್ಲ ಅಂತ ತೀರ್ಪು ಬಂದಿದ್ದು 1906ರಲ್ಲಿ. ಇಷ್ಟಾದರೂ ಮೊದಲ ಮಹಾಯುದ್ಧ ಬಂದಾಗ ಆ ಮನುಷ್ಯ ಮತ್ತೆ ಅದೇ ಸೈನ್ಯಕ್ಕೆ ಹೋಗಿ ಕೆಲಸ ಮಾಡಿದ. ನನಗಂತೂ ಆಗುತ್ತಿರಲಿಲ್ಲ.

ಫ್ರಾನ್ಸಿಗೆ 12 ವರ್ಷ ಬೇಕಾಯಿತು. ನಮಗೆ 24. ನಂಬಿ ನಾರಾಯಣನ್ ಬಿಡಲಿಲ್ಲ, ಕೋರ್ಟಿನಿಂದ ಕೋರ್ಟಿಗೆ ಅಲೆದರು. 2018ರ ಸೆಪ್ಟೆಂಬರ್ 14ಕ್ಕೆ ಸುಪ್ರೀಂ ಕೋರ್ಟು, ಅವರ ಬಂಧನವೇ ಬೇಕಿರಲಿಲ್ಲ ಅಂತ ಹೇಳಿ 50 ಲಕ್ಷ ಪರಿಹಾರ ಕೊಡಿಸಿತು. ಮರುವರ್ಷ ಪದ್ಮಭೂಷಣ ಬಂತು. ಅವರದ್ದು ಎಲ್ಲರಿಗೂ ಗೊತ್ತಿರೋ ಕಥೆ. ನಮ್ಮ ಬೆಂಗಳೂರಿನ ಕೆ. ಚಂದ್ರಶೇಖರ್ ಅವರದ್ದು ಎಷ್ಟು ಜನರಿಗೆ ಗೊತ್ತು? ರಷ್ಯಾದ ಗ್ಲಾವ್‌ಕಾಸ್ಮಾಸ್ ಅನ್ನೋ ಬಾಹ್ಯಾಕಾಶ ಸಂಸ್ಥೆಯ ಪ್ರತಿನಿಧಿಯಾಗಿದ್ದರು, ಆ ಆರು ಜನರಲ್ಲಿ ಒಬ್ಬರು. ತೀರ್ಪು ಬಂದ ದಿನ ಅದು ಕಿವಿಗೆ ಬೀಳೋ ಮೊದಲೇ ಅವರು ಕೋಮಾಕ್ಕೆ ಹೋದರು. ಎರಡು ದಿನ ಬಿಟ್ಟು ತೀರಿಕೊಂಡರು. ಆ ಮಾಲ್ಡೀವ್ಸ್ ಹೆಂಗಸರು ಇಬ್ಬರೂ ವರ್ಷಗಟ್ಟಲೆ ಜೈಲಿನಲ್ಲಿದ್ದರು, ಅವರಿಗಂತೂ ನಮ್ಮ ದೇಶಕ್ಕೆ ದ್ರೋಹ ಮಾಡೋಕೆ ಇದು ಅವರ ದೇಶವೇ ಅಲ್ಲ.

ಚಂದ್ರಶೇಖರ್ ಅವರ ಸಾವಿನ ಸುದ್ದಿ ಓದಿದ ವಾರ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ನಿನಗೆ ನೆನಪಿರಬಹುದು, ಒಂದು ಭಾನುವಾರ ನಿನ್ನನ್ನು ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿ, ಕೆಲಸ ಇದೆ ಅಂತ ತಪ್ಪಿಸಿಕೊಂಡೆ. ನೀನು ಬಾಗಿಲು ದಡಾರಂತ ಹಾಕಿದೆ. ಆವತ್ತು ನಾನು ಇಸ್ರೋ ಸಾರ್ ಮನೆಗೆ ಹೋಗಿದ್ದೆ. ಹಳೇ ಹೋಟೆಲಿನವರನ್ನು ಹಿಡಿದು, ಅವರಿಂದ ಇನ್ನೊಬ್ಬರನ್ನು ಹಿಡಿದು ವಿಳಾಸ ಸಂಪಾದಿಸಿದ್ದೆ. ರಿಟೈರ್ ಆಗಿ ಯಲಹಂಕದ ಕಡೆ ಮಗನ ಮನೆಯಲ್ಲಿದ್ದರು. ತುಂಬಾ ಸಣ್ಣ ಆಗಿದ್ದರು. ಗೇಟಿನಲ್ಲಿ ನಿಂತು ಹೆಸರು ಹೇಳಿದೆ, ದಾಸರಹಳ್ಳಿ ಅಂದೆ, ಹೋಟೆಲಿನ ಹೆಸರು ಹೇಳಿದೆ. ಒಳಗೆ ಕೂರಿಸಿದರು.

“94ರಲ್ಲಿ ನಿಮಗೊಂದು ಮಾತು ಅಂದಿದ್ದೆ ಸಾರ್” ಅಂದೆ.

“ಯಾವ ಮಾತು?”

ಹೇಳಿದೆ. ನಾಲಿಗೆ ಒಣಗಿತ್ತು.

ಅವರು ಕನ್ನಡಕ ತೆಗೆದು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಅದು ನೀವಾ? ನಿಮ್ಮದು ನೆನಪಿಲ್ಲ ಕಣ್ರೀ. ಆಗ ತುಂಬಾ ಜನ ಕೇಳ್ತಿದ್ರಲ್ಲ” ಅಂದರು.

ಅವರ ಸೊಸೆ ಎರಡು ಲೋಟ ಕಾಫಿ ತಂದಿಟ್ಟರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಮಂಡಿನೋವಿನ ಬಗ್ಗೆ ಮಾತಾಡಿದರು, ಮೆಟ್ರೋ ಕಂಬಗಳಿಂದ ಪೀಣ್ಯದ ಗುರುತೇ ಸಿಗಲ್ಲ ಅಂದರು, ಈಗ ಲೇತ್ ಎಲ್ಲಾ ಕಂಪ್ಯೂಟರ್ ಆಗಿದೆಯಂತಲ್ಲಾ ಅಂತ ಕೇಳಿದರು. ಅವರ ಲೋಟ ಪೂರ್ತಿ ಖಾಲಿ ಆಗೋ ತನಕ ನಾನು ಎದ್ದೇಳಲಿಲ್ಲ.

ಇಂತಿ,
ಅಪ್ಪ