ಶುಗರ್ ಶಿಬಿರದಲ್ಲಿ ಕಣ್ಣಿನ ಒಳಗೂ ನೋಡಲಿ

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯಲ್ಲಿ ಈಗ ಉಚಿತ ಶುಗರ್ ತಪಾಸಣೆ ಶಿಬಿರಗಳಿಗೆ ಕೊರತೆಯಿಲ್ಲ. ನವೆಂಬರ್ 14ರ ವಿಶ್ವ ಮಧುಮೇಹ ದಿನಕ್ಕೆ ಒಂದು, ನಾಯಕರ ಹುಟ್ಟುಹಬ್ಬಕ್ಕೆ ಒಂದು, ಜಾತ್ರೆಗೆ ಇನ್ನೊಂದು. ಬೆರಳು ಚುಚ್ಚುತ್ತಾರೆ, ಬಿಪಿ ನೋಡುತ್ತಾರೆ, ಚೀಟಿ ಬರೆದು ಕೊಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಒಳ್ಳೆಯ ಕೆಲಸವೇ. ಆದರೆ ನಾನು ನೋಡಿದ ಯಾವ ಶಿಬಿರದಲ್ಲೂ ಶುಗರ್ ಇದ್ದವರ ರೆಟಿನಾ, ಅಂದರೆ ಕಣ್ಣಿನ ಒಳಪರದೆ ಹೇಗಿದೆ ಎಂದು ಯಾರೂ ನೋಡಲಿಲ್ಲ.

ಆಳಂದದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ತಿಂಗಳ ಶುಗರ್ ಮಾತ್ರೆ ಒಯ್ಯಲು ಬಂದವರೇ, 'ಕಣ್ಣು ಮಬ್ಬಾಗ್ಯಾವ್ರಿ, ಒಂದ್ ಹನಿ ಔಷಧ ಕೊಡ್ರಿ' ಅನ್ನುತ್ತಾರೆ. ಪಕ್ಕದ ಮನೆಯವರಿಗೆ ಆರಾಮ ಆದ ಬಾಟಲಿಯನ್ನೇ ತೋರಿಸಿ 'ಇದೇ ಬೇಕು' ಅನ್ನುವವರೂ ಇದ್ದಾರೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು, ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬೇಗ ಬರಬಹುದು. ಇನ್ನು ಕೆಲವರು ಸಂತೆಯಲ್ಲಿ ಸಿಗುವ ಓದುವ ಕನ್ನಡಕ ಹಾಕಿಕೊಂಡು ಸುಮ್ನೆ ಆಗುತ್ತಾರೆ. ಶುಗರ್ ಏರಿಳಿದಾಗ ಕನ್ನಡಕದ ನಂಬರೂ ಏರಿಳಿಯುತ್ತದೆ, ಅದು ನಿಜ. ಹಾಗಂತ ಎಲ್ಲ ಮಬ್ಬೂ ನಂಬರಿನದ್ದಲ್ಲ.

ಶುಗರ್‌ನಿಂದ ರೆಟಿನಾ ಕೆಡುವ ಕಾಯಿಲೆ, ಅಂದರೆ ಡಯಾಬಿಟಿಕ್ ರೆಟಿನೋಪತಿ, ಶುರುವಾಗುವುದೇ ಒಳಗೆ. ರೆಟಿನಾದ ಸಣ್ಣ ರಕ್ತನಾಳಗಳು ಹಳೆಯ ಡ್ರಿಪ್ ಪೈಪಿನ ಹಾಗೆ ಅಲ್ಲಲ್ಲಿ ಉಬ್ಬುತ್ತವೆ, ಸೋರುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ರಕ್ತ ಸಾಲದೇ ಹೋದಾಗ ಅಲ್ಲಿ ಹೊಸ ನಾಳಗಳು ಹುಟ್ಟುತ್ತವೆ. ಅವು ಬಲು ನಾಜೂಕು, ಒಡೆದರೆ ಕಣ್ಣೊಳಗೆ ರಕ್ತ ತುಂಬಿಕೊಳ್ಳುತ್ತದೆ. ಮೊದಲ ಹಂತಗಳಲ್ಲಿ ನೋವಿಲ್ಲ, ಕೆಂಪಿಲ್ಲ, ತುರಿಕೆಯಿಲ್ಲ. ಗೋಡೆ ಮೇಲಿನ ಪಟ್ಟಿಯ ಕೊನೆಯ ಸಾಲನ್ನೂ ಓದಬಹುದು. ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ದೃಷ್ಟಿ ನೋಡಿ ಕನ್ನಡಕ ಕೊಟ್ಟದ್ದರಿಂದ ಎಷ್ಟೋ ಜನರಿಗೆ ಉಪಕಾರವಾಗಿದೆ. ಆದರೆ ಶುಗರ್ ಇದ್ದವರು ಬರೀ ಅಕ್ಷರ ಓದಿ ಪಾಸಾದರೆ ಸಾಲದು.

ಬೇಕಾಗಿರುವುದು ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಶುಗರ್ ಇದ್ದವರಿಗೆ ಕಾಯಿಲೆ ಗೊತ್ತಾದ ಕೂಡಲೇ ಮೊದಲ ಪರೀಕ್ಷೆ ಆಗಬೇಕು. ಯಾಕೆಂದರೆ ಗೊತ್ತಾಗುವ ಹೊತ್ತಿಗೆ ಶುಗರ್ ಮೈಯಲ್ಲಿ ಎಷ್ಟೋ ವರ್ಷದಿಂದ ಇದ್ದಿರಬಹುದು. ಟೈಪ್ 1 ಇದ್ದ ಮಕ್ಕಳಿಗೆ, ಯುವಕರಿಗೆ ಕಾಯಿಲೆ ಶುರುವಾದ ಐದು ವರ್ಷದೊಳಗೆ. ಮೊದಲೇ ಶುಗರ್ ಇದ್ದ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ನೋಡಿಸಬೇಕು, ಆ ಹೊತ್ತಿನಲ್ಲಿ ತೊಂದರೆ ಬೇಗ ಹೆಚ್ಚಬಹುದು.

ಅಂಗಡಿಯಲ್ಲಿ ದಿನವೂ ಕೇಳುವ ಇನ್ನೊಂದು ಮಾತಿದೆ: 'ಇನ್ಸುಲಿನ್ ಚುಚ್ಚಿಕೊಂಡರೆ ಕಣ್ಣು ಹೋಗ್ತಾವಂತ, ಹೌದೇನ್ರಿ?' ಇದು ಹುಟ್ಟಿದ್ದು ಹೇಗೆ ಅಂತ ಊಹಿಸುವುದು ಕಷ್ಟವಲ್ಲ. ನಮ್ಮಲ್ಲಿ ಇನ್ಸುಲಿನ್ ಎಂದರೆ ಕೊನೆಯ ಅಸ್ತ್ರ. ಮಾತ್ರೆ, ಕಷಾಯ, ಯಾರೋ ಕೊಟ್ಟ ಪುಡಿ ಎಲ್ಲ ಮುಗಿದ ಮೇಲೆ ಅದು. ಅಷ್ಟರಲ್ಲಿ ಕಣ್ಣು ಅರ್ಧ ಕೆಟ್ಟಿರುತ್ತದೆ, ಅಪವಾದ ಮಾತ್ರ ಸೂಜಿಯ ಮೇಲೆ. ಬಹಳ ದಿನ ಏರಿದ್ದ ಶುಗರ್ ಒಮ್ಮೆಲೇ ಇಳಿದರೆ, ಮೊದಲೇ ಕೆಟ್ಟಿದ್ದ ರೆಟಿನಾ ಕೆಲವರಲ್ಲಿ ಸ್ವಲ್ಪ ಕಾಲ ಇನ್ನಷ್ಟು ಹದಗೆಡುವುದುಂಟು. ಅದಕ್ಕೇ ಇನ್ಸುಲಿನ್ ಶುರು ಮಾಡುವ ಹೊತ್ತಿಗೆ ಕಣ್ಣನ್ನೂ ತೋರಿಸಬೇಕು. ಇನ್ಸುಲಿನ್ ಬಿಟ್ಟರೆ ಕಣ್ಣು ಉಳಿಯುವುದಿಲ್ಲ, ಬೇಗ ಹೋಗುತ್ತದೆ.

ತಪಾಸಣೆಯ ಹಿಂದಿನ ರಾತ್ರಿ ಊಟ ಬಿಟ್ಟು ಶುಗರ್ ಕಡಿಮೆ ತೋರಿಸುವ ಜಾಣರೂ ನಮ್ಮಲ್ಲಿದ್ದಾರೆ! ಡಾಕ್ಟರಿಗೆ ಟೋಪಿ ಹಾಕಬಹುದು, ರೆಟಿನಾಕ್ಕೆ ಹಾಕಲಾಗದು. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಅಂಕಿ ಬಹಳಷ್ಟು ಜನರಿಗೆ ಶೇ 7ರೊಳಗೆ ಇರಬೇಕು ಎನ್ನುತ್ತಾರೆ. ವಯಸ್ಸಾದವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ. ಅಂದಹಾಗೆ, ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆಯೂ ನಮ್ಮ ಕಡೆ ಗಟ್ಟಿಯಾಗಿದೆ. ರೊಟ್ಟಿ ಒಳ್ಳೆಯದು, ಆದರೆ ಎಷ್ಟು ತಿಂದೆವು ಎಂಬ ಲೆಕ್ಕ ಇರಲಿ.

ಶುಗರ್ ಬಗ್ಗೆ ಇಷ್ಟು ಮಾತಾಡುವ ನಾವು ಬಿಪಿ ಮಾತ್ರೆಯನ್ನು ಮಾತ್ರ 'ತಲೆ ನೋಯಲ್ಲ, ಯಾಕೆ ಬೇಕು' ಎಂದು ಬಿಟ್ಟುಬಿಡುತ್ತೇವೆ. ಬ್ರಿಟನ್ನಿನಲ್ಲಿ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1998ರಲ್ಲಿ ಬಂತು. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ರೆಟಿನಾ ಕೆಡುವ ಪ್ರಮಾಣ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ಬಿಪಿ ಮಾತ್ರೆ ಕಣ್ಣಿಗೂ ಔಷಧವೇ.

ಚಿಕಿತ್ಸೆ ಇದೆ. ಲೇಸರ್ ಇದೆ, ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇದೆ. ಕಣ್ಣಿಗೆ ಸೂಜಿ ಎಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ, ಆದರೆ ಮೊದಲು ಮರಗಟ್ಟಿಸುತ್ತಾರೆ, ಕೆಲವೇ ನಿಮಿಷದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಇಂಜೆಕ್ಷನ್ ಒಂದಕ್ಕೇ ಮುಗಿಯುವುದಿಲ್ಲ, ಮೊದಮೊದಲು ತಿಂಗಳಿಗೊಮ್ಮೆ ಬೇಕಾಗುತ್ತದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಒಂದೆರಡು ಮಾಡಿಸಿಕೊಂಡು, ಖರ್ಚಿಗೆ ಹೆದರಿ ನಿಲ್ಲಿಸಿದವರು ಬಹಳ. ಲೇಸರ್ ಕೂಡ ಹೋದ ದೃಷ್ಟಿಯನ್ನು ಸಾಮಾನ್ಯವಾಗಿ ತರುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ. ಕಣ್ಣೆದುರು ಒಮ್ಮೆಲೇ ಕಪ್ಪು ಎಳೆ, ಚುಕ್ಕೆ ತೇಲಾಡಿದರೆ ಅಥವಾ ಪರದೆ ಎಳೆದಂತೆ ಆದರೆ 'ನಾಳೆ ನೋಡೋಣ' ಅನ್ನದೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಈಗ ಆರೋಗ್ಯ ಇಲಾಖೆಗೆ ನನ್ನ ಒತ್ತಾಯ. ರೆಟಿನಾದ ಫೋಟೊ ತೆಗೆಯುವ ಫಂಡಸ್ ಕ್ಯಾಮೆರಾ ಮೇಜಿನ ಮೇಲೆ ಕೂರುವಷ್ಟೇ ದೊಡ್ಡದು, ಕೈಯಲ್ಲಿ ಹಿಡಿಯುವಂಥದ್ದೂ ಇದೆ. ತರಬೇತಿ ಪಡೆದ ಸಿಬ್ಬಂದಿ ಫೋಟೊ ತೆಗೆಯಬಹುದು, ದೂರದಲ್ಲಿರುವ ವೈದ್ಯರು ನೋಡಿ ಹೇಳಬಹುದು. ಕೇರಳದಲ್ಲಿ 'ನಯನಾಮೃತಂ' ಹೆಸರಿನಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಲ್ಲೇ ಇದನ್ನು ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ 2003ರಿಂದ ಮಧುಮೇಹಿಗಳ ರೆಟಿನಾ ಫೋಟೊ ತೆಗೆಯುವ ರಾಷ್ಟ್ರೀಯ ವ್ಯವಸ್ಥೆ ಬೆಳೆಯಿತು. 2014ರ ವರದಿಯೊಂದರ ಪ್ರಕಾರ, ದುಡಿಯುವ ವಯಸ್ಸಿನವರ ಕುರುಡುತನದ ಕಾರಣಗಳಲ್ಲಿ ಡಯಾಬಿಟಿಕ್ ರೆಟಿನೋಪತಿ ಐದು ದಶಕಗಳಲ್ಲಿ ಮೊದಲ ಬಾರಿಗೆ ಮೊದಲ ಸ್ಥಾನದಿಂದ ಇಳಿಯಿತು. ನಮಗೆ ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಎಂಬ ಘೋಷಣೆಯನ್ನೂ ಕೇಳುತ್ತಿದ್ದೇವೆ. ತಾಲೂಕಿಗೊಂದು ಕ್ಯಾಮೆರಾ ಅದರಲ್ಲಿ ಎಷ್ಟನೇ ಲೆಕ್ಕ?

ಚಿಂಚೋಳಿ, ಔರಾದ, ಹುಣಸಗಿಯ ಕಡೆಯವರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿದೀತು, ಜತೆಗೆ ಬರುವ ಮಗನ ಕೂಲಿ ಉಳಿಯುವುದಿಲ್ಲ. ಜತೆಗೊಬ್ಬರು ಬೇಕೇ ಬೇಕು. ರೆಟಿನಾ ನೋಡಲು ಪಾಪೆ ಅಗಲಿಸುವ ಹನಿ ಹಾಕಿದರೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕು, ನಮ್ಮ ಬಿಸಿಲಿಗಂತೂ ಕಣ್ಣು ಬಿಡಲಾಗುವುದಿಲ್ಲ. ಬೈಕ್ ಓಡಿಸಿಕೊಂಡು ಬಂದವರು 'ಬೇಡ್ರಿ' ಎಂದು ಹನಿ ಹಾಕಿಸಿಕೊಳ್ಳದೇ ವಾಪಸಾಗುತ್ತಾರೆ. ಹನಿಯಿಲ್ಲದೇ ಫೋಟೊ ತೆಗೆಯುವ ಕ್ಯಾಮೆರಾ ತಾಲೂಕಿನಲ್ಲೇ ಇದ್ದರೆ ಬಹುಪಾಲು ಜನರಿಗೆ ಈ ಫಜೀತಿಯೇ ಇಲ್ಲ. ತೊಂದರೆ ಕಂಡವರನ್ನಷ್ಟೇ ಮುಂದೆ ಕಳಿಸಿದರಾಯಿತು.

ಅಲ್ಲಿಯವರೆಗೆ, ಎಲ್ಲಿ ರೆಟಿನಾ ಪರೀಕ್ಷೆ ಆಗುತ್ತದೆ, ವಾರದ ಯಾವ ದಿನ ಎಂಬ ಪಟ್ಟಿಯನ್ನು ಮೂರೂ ಜಿಲ್ಲೆಯ ಆರೋಗ್ಯಾಧಿಕಾರಿಗಳು ಪತ್ರಿಕೆಗಳಿಗೆ ಕೊಡಲಿ. ನಮ್ಮಂಥ ಮೆಡಿಕಲ್ ಅಂಗಡಿಗಳಿಗೂ ಒಂದು ಪ್ರತಿ ಕೊಟ್ಟರೆ ಕೌಂಟರಿನ ಮುಂದೆಯೇ ಅಂಟಿಸುತ್ತೇವೆ. ಶಿಬಿರ ಮಾಡುವ ನಾಯಕರು ಬ್ಯಾನರ್ ಎಷ್ಟು ದೊಡ್ಡದಾದರೂ ಹಾಕಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಮುಂದಿನ ಸಲ ಗ್ಲುಕೋಮೀಟರ್ ಜತೆ ಒಂದು ಫಂಡಸ್ ಕ್ಯಾಮೆರಾವನ್ನೂ ತರಿಸಲಿ.

– ಮೆಡಿಕಲ್ ಅಂಗಡಿಯ ಒಬ್ಬ ಓದುಗ, ಆಳಂದ, ಕಲಬುರಗಿ ಜಿಲ್ಲೆ